ಕವಲಿನಿಂದ ಕವಲೊಡೆದಾಗ

ತುಂಗಭದ್ರೆಯ ಕೆಳಮಟ್ಟದ ಕಾಲುವೆಯಲ್ಲಿ ಮೇಲುಗಡೆಯ ತೂಬನ್ನು ಎತ್ತಿದರೂ ಇಳಿಸಿದರೂ ಅದರ ಫಲವನ್ನು ಅನುಭವಿಸತಕ್ಕವನು ಕೊನೆಯ ಗದ್ದೆಯವನು. ಸಿರುಗುಪ್ಪದ ಬತ್ತದ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಲವರು ಕೂಡಿ ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವಲ್ಲಿಯೂ ಇದೇ ನ್ಯಾಯ ನಡೆಯುವುದೆಂಬುದನ್ನು ಬರೆಯುವವರೇ ಮರೆಯುತ್ತಿರುವಂತೆ ನಮಗೆ ತೋರುತ್ತದೆ.

ಬರೆಹದ ಒಂದೊಂದು ಮಾರ್ಪಾಟನ್ನೂ ದಾಖಲಿಸಿಟ್ಟು, ಹಲವರ ಕೆಲಸವನ್ನು ಒಂದುಗೂಡಿಸುವ ಸಾಧನ ಗಿಟ್. ಲಿನಕ್ಸ್‌ನ ಕರ್ತೃ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ರಚಿಸಿದರು. ದಾಖಲಾದ ಪ್ರತಿಯೊಂದು ಹೆಜ್ಜೆಗೆ ಕಮಿಟ್ ಎಂದೂ, ಮುಖ್ಯ ಪ್ರವಾಹದಿಂದ ಬೇರೆಯಾಗಿ ನಡೆಯುವ ಹೆಜ್ಜೆಗಳ ಸಾಲಿಗೆ ಬ್ರಾಂಚ್ ಎಂದೂ ಹೆಸರು. ನಾವು ಕವಲು ಎನ್ನೋಣ. ಕವಲು ಮರಳಿ ಮುಖ್ಯ ಪ್ರವಾಹವನ್ನು ಕೂಡುವುದೇ ಮರ್ಜ್, ಹಗರಿಯು ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಯನ್ನು ಕೂಡುವಂತೆ. ಹಗರಿ ತುಂಗಭದ್ರೆಯಿಂದ ಹೊರಟದ್ದಲ್ಲವೆಂಬ ಭೇದವನ್ನು ವಾಚಕರು ಮನ್ನಿಸಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೂವರು ಸೇರಿ ಕಾಲುವೆ ನೀರಿನ ಸರದಿಪಟ್ಟಿಯನ್ನು ತಯಾರಿಸುವ ತಂತ್ರಾಂಶ ಬರೆಯುತ್ತಿದ್ದಾರೆ. ಬಳ್ಳಾರಿಯವನು ಊರುಗಳ ಕೋಷ್ಟಕವನ್ನು ಮೂರು ಕಮಿಟ್‌ಗಳಲ್ಲಿ ಸಿದ್ಧಪಡಿಸಿದನು. ಹಿರಿಯರು ಅದನ್ನು ಪರಿಶೀಲಿಸಿ ಒಪ್ಪುವವರೆಗೆ ಕೈಕಟ್ಟಿ ಕೂರಲೊಲ್ಲದೆ ಸಿರುಗುಪ್ಪದವಳು ಆ ಕವಲಿನಿಂದಲೇ ತನ್ನ ಕವಲನ್ನು ತೆಗೆದು, ಕೋಷ್ಟಕದ ಕೆಲವು ಸಾಲುಗಳನ್ನು ತಿದ್ದಿ, ಸರದಿಯ ಲೆಕ್ಕವನ್ನು ಬರೆದಳು. ಅವಳ ಕವಲಿನಿಂದ ಮುಂದೆ ಕುರುಗೋಡಿನವನು ಪ್ರಕಟಣೆ ಮುದ್ರಿಸುವ ಭಾಗವನ್ನು ರಚಿಸಿದನು. ಇಷ್ಟರವರೆಗೆ ದೋಷವೇನೂ ಇಲ್ಲ.

ದೋಷವುಂಟಾಗುವುದು ಮೊದಲ ಕವಲನ್ನು ಕೂಡಿಸುವಾಗ. ಚರಿತ್ರೆ ಚೊಕ್ಕಟವಾಗಿರಲೆಂದು ಅನೇಕ ತಂಡಗಳು ಮೂರು ಕಮಿಟ್‌ಗಳನ್ನು ಅದುಮಿ ಒಂದೇ ಮಾಡಿ ಕೂಡಿಸುತ್ತವೆ. ಇದಕ್ಕೆ ಸ್ಕ್ವಾಷ್ ಎನ್ನುವರು. ಗಿಟ್‌ನಲ್ಲಿ ಕಮಿಟ್‌ನ ಗುರುತು ಅದರ ಒಳವಸ್ತುವಿನಿಂದಲೂ ಹಿಂದಿನ ಕಮಿಟ್‌ನ ಗುರುತಿನಿಂದಲೂ ಲೆಕ್ಕವಾಗಿ ಬರುವುದಷ್ಟೆ. ಆದುದರಿಂದ ಅದುಮಿದ ಕಮಿಟ್ ಹೊಸದೇ ಆದ ವಸ್ತು. ಸಿರುಗುಪ್ಪದವಳ ಕವಲಿನಲ್ಲಿ ಉಳಿದಿರುವ ಹಳೆಯ ಮೂರಕ್ಕೂ ಅದಕ್ಕೂ ಇರುವ ನಂಟನ್ನು ಯಂತ್ರ ಅರಿಯದು. ಎರಡಕ್ಕೂ ಸಮಾನವಾದ ಪೂರ್ವಜನನ್ನು ಅದು ಕೋಷ್ಟಕವೇ ಇಲ್ಲದಿದ್ದ ಕಾಲದಲ್ಲಿ ಕಾಣುತ್ತದೆ. ಅವಳು ತಿದ್ದಿದ ಸಾಲುಗಳನ್ನು ಇಬ್ಬರೂ ಬೇರೆಬೇರೆಯಾಗಿ ಬರೆದರೆಂದು ಭಾವಿಸಿ ಘರ್ಷಣೆಯನ್ನು ಸಾರುತ್ತದೆ. ದಣಿದ ಸಂಜೆಯಲ್ಲಿ ತಪ್ಪು ಪಾಠವನ್ನು ಆರಿಸಿಕೊಂಡರೆ ಒಂದು ಊರೇ ಸರದಿಪಟ್ಟಿಯಿಂದ ಬಿದ್ದುಹೋದೀತು.

ಈ ಘರ್ಷಣೆಯನ್ನು ಬಿಡಿಸುವ ಹೊರೆ ಸಾಮಾನ್ಯವಾಗಿ ಕೆಳಗಿನ ಕವಲಿನವರ ತಲೆಗೇ ಬೀಳುತ್ತದೆ. ಇದು ನ್ಯಾಯವಲ್ಲವೆಂದು ನಮ್ಮ ಮತ. ತನ್ನ ಕವಲನ್ನು ನೆಚ್ಚಿ ಇನ್ನೊಬ್ಬರು ಕೆಲಸ ಮಾಡುತ್ತಿರುವರೆಂದು ತಿಳಿದವನು ಅದುಮದೆ, ಹಳೆಯ ಕಮಿಟ್‌ಗಳು ಉಳಿಯುವ ಸಾಧಾರಣ ಮರ್ಜನ್ನೇ ಮಾಡತಕ್ಕದ್ದು. ಅದುಮಲೇಬೇಕಾದರೆ ಮುಂಚಿತವಾಗಿ ತಿಳಿಸಿ, ಕೆಳಗಿನ ಕವಲುಗಳನ್ನು ಹೊಸ ನೆಲೆಗೆ ಸಾಗಿಸಲು ಕೈಜೋಡಿಸಬೇಕು. ಚೊಕ್ಕ ಚರಿತ್ರೆ ಓದಲು ಹಿತವೆಂಬುದನ್ನು ಒಪ್ಪುತ್ತೇವೆ. ಆ ಹಿತಕ್ಕೆ ಬೆಲೆ ತೆರುವವರು ಮಾತ್ರ ಬೇರೆಯವರು.

ಸಾಗಿಸುವುದು ಅಸಾಧ್ಯವೇನಲ್ಲ. ರೀಬೇಸ್ ಎಂಬ ಆದೇಶಕ್ಕೆ ‘ಆನ್‌ಟು’ ಸೇರಿಸಿ, ಹಳೆಯ ಮೂರು ಕಮಿಟ್‌ಗಳನ್ನು ಬಿಟ್ಟು ಉಳಿದವನ್ನಷ್ಟೇ ಮುಖ್ಯ ಪ್ರವಾಹದ ತುದಿಗೆ ಕಸಿಮಾಡಬಹುದು. 2022ರ ಅಕ್ಟೋಬರಿನಲ್ಲಿ ಬಂದ 2.38ನೆಯ ಆವೃತ್ತಿಯಿಂದೀಚೆಗೆ ‘ಅಪ್‌ಡೇಟ್ ರೆಫ್ಸ್’ ಎಂಬ ಸೌಕರ್ಯವೂ ಇದೆ: ಕುರುಗೋಡಿನ ಕವಲನ್ನು ಸಾಗಿಸಿದರೆ ನಡುವಣ ಸಿರುಗುಪ್ಪದ್ದೂ ಜೊತೆಯಲ್ಲೇ ಸಾಗುತ್ತದೆ. ಸಾಗಿದ ಕಮಿಟ್‌ಗಳ ಗುರುತೂ ಬದಲಾಗುವುದರಿಂದ ಈ ಕೆಲಸವನ್ನು ಒಬ್ಬರೇ ಮಾಡಿ ಉಳಿದವರಿಗೆ ಹೇಳಿಕಳುಹಿಸಬೇಕು. ಇಬ್ಬರೂ ಒಂದೇ ಸಂಜೆ ಬೇರೆಬೇರೆಯಾಗಿ ಸಾಗಿಸಿದರೆ, ಬಳ್ಳಾರಿಯಲ್ಲಿ ಎದ್ದ ತೊಡಕೇ ಸಿರುಗುಪ್ಪ-ಕುರುಗೋಡುಗಳ ನಡುವೆ ಮತ್ತೆ ಹುಟ್ಟುವುದು.