ಉಪ್ಪುನೀರಿನ ಮರಿಗಳು ಮತ್ತು ಮನೆಯವರ ದುಡಿಮೆ

ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ಕನ್ನಡಿಗರ ಮನೆಗಳಲ್ಲಿ ಬಣ್ಣದ ಮೀನಿನ ಗಾಜಿನ ತೊಟ್ಟಿ ಅಪರೂಪದ ವಸ್ತುವಲ್ಲ. ಸಿಹಿನೀರಿನ ಗಪ್ಪಿಯನ್ನು ಸಾಕಿ ಕೈಪಳಗಿದವರಲ್ಲಿ ಕೆಲವರು ಉಪ್ಪುನೀರಿನ ಕ್ಲೌನ್ ಮೀನಿನತ್ತ ಹೊರಳುತ್ತಾರೆ. ಜೋಡಿ ಮೊಟ್ಟೆಯಿಟ್ಟಿತೆಂದರೆ ಮರಿ ಸಾಕುವ ಉತ್ಸಾಹವೂ ಮೂಡುತ್ತದೆ. ಉತ್ಸಾಹವೇನೋ ಸ್ತುತ್ಯವೇ. ತೊಟ್ಟಿಯಲ್ಲಿಯೇ ಬೆಳೆದ ಪ್ರತಿಯೊಂದು ಮರಿಯೂ ಹವಳದ ದಿಬ್ಬದಿಂದ ಹಿಡಿದು ತರಬೇಕಾದ ಮೀನೊಂದನ್ನು ಉಳಿಸುತ್ತದೆ. ನವಿ ಮುಂಬಯಿಯ ಐರೋಲಿಯಲ್ಲಿರುವ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಲ್ಲಿಯೂ ಈ ಮರಿಗಳನ್ನು ಬೆಳೆಸಿದ್ದಾರೆ.

ಆದರೆ ಗಪ್ಪಿಯ ಮರಿಯ ಮಾತು ಬೇರೆ. ಅದು ಹುಟ್ಟಿದ ದಿನವೇ ಪುಡಿಮಾಡಿದ ಆಹಾರವನ್ನು ತಿನ್ನಬಲ್ಲದು. ಕ್ಲೌನ್ ಮೀನಿನ ಮೊಟ್ಟೆ 7-8 ದಿನ ಗಂಡಿನ ಆರೈಕೆಯಲ್ಲಿದ್ದು, ಕತ್ತಲಾದ ಮೇಲೆ ಒಡೆಯುತ್ತದೆ. ಮರಿಯ ಉದ್ದ 3-4 ಮಿಲಿಮೀಟರ್. ಅದಕ್ಕೆ ಜೀವಂತ ಆಹಾರವೇ ಬೇಕು: ಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿ, ಕೆಲವು ದಿನಗಳ ನಂತರ ಆಗತಾನೆ ಒಡೆದ ಆರ್ಟೀಮಿಯ. ಆ ರೋಟಿಫರಿಗೋ ಹಸಿರು ಪಾಚಿಯ ನೀರು ಬೇಕು. ಅಂದರೆ ಮೊಟ್ಟೆ ಒಡೆಯುವ ಮುನ್ನವೇ ಪಾಚಿಯ ಬಾಟಲಿ, ರೋಟಿಫರಿನ ಬಕೆಟ್ಟು ಎಲ್ಲವೂ ಸಿದ್ಧವಿರಬೇಕು. ದುಡಿಯುವ ಬಂಡವಾಳವಿಲ್ಲದೆ ಅಂಗಡಿ ತೆರೆಯಹೊರಟವರಿಗೆ ನಾವು ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುವುದು ಸುಮ್ಮನೆ ಅಲ್ಲ.

ಮರಿ ಬಿಳಿಪಟ್ಟೆ ತಳೆದು ತಳಕ್ಕಿಳಿಯಲು ಸುಮಾರು 10ರಿಂದ 15 ದಿನಗಳು ಬೇಕು. ಅಷ್ಟು ದಿನವೂ ಹಗಲಿನಲ್ಲಿ ಹಲವು ಸಲ ಆಹಾರ ಸಾಲುವುದೇ ಎಂದು ನೋಡಬೇಕು, ಹೊಲಸು ತೆಗೆಯಬೇಕು, ಆವಿಯಾದಷ್ಟು ಸಿಹಿನೀರು ಸೇರಿಸಬೇಕು. ಬೆಳಗಿನ ಲೋಕಲ್ ಹಿಡಿದು ರಾತ್ರಿ ಮರಳುವ ಯಜಮಾನರು ಇದನ್ನೆಲ್ಲ ಯಾವಾಗ ಮಾಡುವರು? ಅಡುಗೆ, ಮಕ್ಕಳ ಶಾಲೆ, ಅತ್ತೆಮಾವಂದಿರ ಔಷಧಿ ಇವುಗಳ ಜೊತೆಗೆ ಈ ಸಾವಿರ ಬಾಯಿಗಳ ಭಾರವೂ ಗೃಹಿಣಿಯ ಮೇಲೆ ಬೀಳುತ್ತದೆ. ಮರಿ ಸತ್ತರೆ ‘ನೀನು ನೋಡಲಿಲ್ಲ’ ಎಂಬ ಮಾತು ಬೇರೆ! ಹವ್ಯಾಸ ಒಬ್ಬರದು, ದುಡಿಮೆ ಇನ್ನೊಬ್ಬರದು ಆಗುವುದು ನ್ಯಾಯವಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಉಂಟು. ಅಡುಗೆ ಮಾಡುವ ಕೈಯಲ್ಲಿ ಈಳಿಗೆಯ ಗೀರು ಇದ್ದೇ ಇರುತ್ತದೆ. ತೊಟ್ಟಿಯ ನೀರಿನಲ್ಲಿರಬಹುದಾದ ಒಂದು ಬಗೆಯ ಮೈಕೋಬ್ಯಾಕ್ಟೀರಿಯ ಗಾಯದ ಮೂಲಕ ಒಳಹೊಕ್ಕು, ವಾರಗಟ್ಟಲೆ ಮಾಯದ ಗಂಟನ್ನು ಚರ್ಮದಲ್ಲಿ ಎಬ್ಬಿಸುವುದುಂಟು. ಅಪರೂಪದ ರೋಗ, ನಿಜ; ಆದರೆ ಮನೆಯಲ್ಲಿ ಮೀನು ಸಾಕಿದ್ದೇವೆಂದು ವೈದ್ಯರಿಗೆ ಹೇಳದಿದ್ದರೆ ಅವರಿಗೆ ಅದು ಹೊಳೆಯುವುದೇ ತಡವಾಗುತ್ತದೆ.

ಯಜಮಾನರು ತಾವೇ ಎರಡು ವಾರ ರಜೆ ಹಾಕಬಲ್ಲರಾದರೆ ಮರಿಗಳನ್ನು ಬೇರೆ ತೊಟ್ಟಿಗೆ ತೆಗೆಯಲಿ. ಇಲ್ಲವಾದರೆ ಮೊಟ್ಟೆಗಳು ಇದ್ದಲ್ಲಿಯೇ ಇರಲಿ. ಒಡೆದ ಮರಿಗಳು ದೊಡ್ಡ ಮೀನುಗಳ ಪಾಲಾಗುತ್ತವೆ. ಕಡಲಿನಲ್ಲಿಯೂ ಬಹುಪಾಲು ಮರಿಗಳಿಗೆ ಅದೇ ಗತಿ. ಒಗ್ಗಿದ ಜೋಡಿಯಾದರೆ ಕೆಲವೇ ವಾರಗಳಲ್ಲಿ ಮತ್ತೆ ಮೊಟ್ಟೆಯಿಡುತ್ತದೆ. ಅಷ್ಟರೊಳಗೆ ರಜೆಯ ಅರ್ಜಿಯೂ ಮಂಜೂರಾಗಿರಬಹುದು.