ಪುಕ್ಕಟೆ ಕಾವಲುಗಾರ ಮತ್ತು ಮನೆಯ ಕಂಪ್ಯೂಟರ್

ಊರಿಗೆ ಅಗಸಿ ಏಕೆ, ಅಗಸಿಗೆ ಕಾವಲು ಏಕೆ ಎಂಬುದನ್ನು ನಮ್ಮ ಭಾಗದ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಉದಗೀರದ ಕೋಟೆಯ ಕಂದಕವನ್ನೂ ಬುರುಜುಗಳನ್ನೂ ಕಂಡವರಿಗೆ ಅದರ ಮರ್ಮ ತಾನಾಗಿಯೇ ತಿಳಿಯುತ್ತದೆ. ಕೋಟೆ ಎಷ್ಟೇ ಗಟ್ಟಿಯಾಗಿದ್ದರೂ ಬಾಗಿಲಲ್ಲಿ ನಿಂತವನಿಗೆ ಬಂದವರ ಗುರುತು ಹಿಡಿಯಲು ಬಾರದಿದ್ದರೆ ಗೋಡೆಯಿಂದ ಪ್ರಯೋಜನವಿಲ್ಲ. ಇಂದು ಉಮರ್ಗಾ, ನಿಲಂಗಾ, ಉದಗೀರ ಭಾಗದ ಅನೇಕ ಮನೆಗಳಿಗೆ ಕಂಪ್ಯೂಟರ್ ಬಂದಿದೆ. ಅದಕ್ಕೂ ಒಬ್ಬ ಕಾವಲುಗಾರ ಬೇಕು. ಅವನ ಹೆಸರು ಫೈರ್‌ವಾಲ್. ಒಂದು ಕಡೆ ಹತ್ತಿದ ಬೆಂಕಿ ಪಕ್ಕಕ್ಕೆ ಹಬ್ಬದಂತೆ ಕಟ್ಟಡಗಳ ನಡುವೆ ಎಬ್ಬಿಸುವ ಗೋಡೆಗೆ ಮೊದಲು ಈ ಹೆಸರಿತ್ತು. ಈ ಕಾವಲುಗಾರನನ್ನು ಪುಕ್ಕಟೆಯಾಗಿ ತಂದು ನಿಲ್ಲಿಸುವ ರೂಢಿಯ ಬಗ್ಗೆ ನಾವು ಇಲ್ಲಿ ಎರಡು ಮಾತು ಹೇಳಬಯಸುತ್ತೇವೆ.

ಮೊದಲು ಅವನ ಕೆಲಸವೇನು ಎಂಬುದನ್ನು ತಿಳಿಯೋಣ. ಅಂತರ್ಜಾಲಕ್ಕೆ ಜೋಡಿಸಿದ ಕಂಪ್ಯೂಟರಿಗೆ ಹೊರಗಿನವರೊಡನೆ ವ್ಯವಹರಿಸಲು ಪೋರ್ಟ್ ಎಂಬ ಬಾಗಿಲುಗಳಿವೆ. ಇವು ಕಣ್ಣಿಗೆ ಕಾಣುವ ಬಾಗಿಲುಗಳಲ್ಲ, ಬರಿಯ ಅಂಕೆಗಳು. 0ಯಿಂದ 65,535ರ ವರೆಗೆ ಇವೆ. ಯಾವ ಬಾಗಿಲಿನಿಂದ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವುದೇ ಫೈರ್‌ವಾಲಿನ ಕೆಲಸ. ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದು 2003ರ ಆಗಸ್ಟ್ ತಿಂಗಳಲ್ಲಿ ಜಗತ್ತಿಗೆ ತಿಳಿಯಿತು. ಬ್ಲಾಸ್ಟರ್ ಎಂಬ ದುಷ್ಟ ತಂತ್ರಾಂಶ, ಯಾರೂ ಯಾವ ಪತ್ರವನ್ನೂ ತೆರೆಯದಿದ್ದರೂ, ಅಂತರ್ಜಾಲದ ಸಂಪರ್ಕವೊಂದಿದ್ದರೆ ಸಾಕು, ತಾನಾಗಿಯೇ ಒಳನುಗ್ಗುತ್ತಿತ್ತು. ಆಗಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಕಾವಲಿನ ಏರ್ಪಾಡು ಇತ್ತು. ಆದರೆ ಅದನ್ನು ನಾವೇ ಚಾಲೂ ಮಾಡಿಕೊಳ್ಳಬೇಕಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ, 2004ರ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕ್‌ನಿಂದ ಅದು ತಾನಾಗಿ ಚಾಲೂ ಇರುವಂತಾಯಿತು.

ಆ ಕಾಲದಲ್ಲಿ ಜೋನ್ ಅಲಾರ್ಮ್, ಸೈಗೇಟ್ ಮೊದಲಾದ ಪುಕ್ಕಟೆ ಫೈರ್‌ವಾಲುಗಳು ಎಷ್ಟೋ ಮನೆಗಳನ್ನು ಕಾಪಾಡಿದವು. ಅವುಗಳ ಉಪಕಾರವನ್ನು ಮರೆಯಬಾರದು. ಒಳಗೆ ಬರುವವರನ್ನಷ್ಟೇ ಅಲ್ಲ, ಹೊರಗೆ ಹೋಗುವವರನ್ನೂ ಅವು ತಡೆದು ವಿಚಾರಿಸುತ್ತಿದ್ದವು. ಇದು ಒಳ್ಳೆಯ ಗುಣವೇ. ಆದರೆ ತೊಂದರೆ ಹುಟ್ಟಿದ್ದೂ ಇಲ್ಲಿಯೇ.

ಇಂಥ ಕಾವಲುಗಾರನು ಹೆಜ್ಜೆಹೆಜ್ಜೆಗೂ ಮನೆಯವರನ್ನು ಕೂಗಿ ಕೇಳುತ್ತಾನೆ: "ಇಂಥವನು ಹೊರಗೆ ಹೋಗುತ್ತಿದ್ದಾನೆ, ಬಿಡಲೋ ಬೇಡವೋ?" ಬಂದವನ ಹೆಸರೋ 'ಎಸ್‌ವಿಸಿಹೋಸ್ಟ್' ಎಂಬಂತಹ ವಿಚಿತ್ರ ಹೆಸರು. ಅದು ವಿಂಡೋಸಿನದೇ ಆಳು. ಅದನ್ನು ತಡೆದರೆ ಅಂತರ್ಜಾಲವೇ ನಿಂತುಹೋಗಬಹುದು. ಅದರ ಹೆಸರಿಟ್ಟುಕೊಂಡು ಬಂದ ಕಳ್ಳನನ್ನು ಬಿಟ್ಟರೋ ಮನೆಯೇ ಹೋಗಬಹುದು. ಮೊದಲ ದಿನ ಮನೆಯವರು ಓದಿ ನೋಡುತ್ತಾರೆ. ಹತ್ತನೆಯ ಸಲ ಬೇಸರವಾಗುತ್ತದೆ. ಐವತ್ತನೆಯ ಸಲ ಓದದೆಯೇ 'ಬಿಡು' ಎಂದು ಒತ್ತುತ್ತಾರೆ. ಅಲ್ಲಿಗೆ ಕಾವಲುಗಾರನಿದ್ದೂ ಇಲ್ಲದಂತಾಯಿತು. ಇಷ್ಟೇ ಅಲ್ಲ, ಕಾವಲಿದೆಯೆಂಬ ಹುಸಿ ಧೈರ್ಯ ಬೇರೆ ಉಳಿಯಿತು.

ಪುಕ್ಕಟೆ ತಂತ್ರಾಂಶಕ್ಕೆ ಬೇರೆ ತೊಡಕುಗಳೂ ಇವೆ. 2008ರ ಜುಲೈ 8ರಂದು ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸಿನ ಒಂದು ದೋಷಕ್ಕೆ ತಿದ್ದುಪಡಿ ಕಳಿಸಿತು. ಅದನ್ನು ಹಾಕಿಕೊಂಡ ಜೋನ್ ಅಲಾರ್ಮ್ ಬಳಕೆದಾರರಲ್ಲಿ ಅನೇಕರ ಅಂತರ್ಜಾಲವೇ ನಿಂತುಹೋಯಿತು. ಸರಿಪಡಿಸಿದ ಆವೃತ್ತಿ ಬೇಗನೆ ಬಂದಿತು, ನಿಜ. ಆದರೆ ಅಲ್ಲಿಯವರೆಗೆ ಬಳಕೆದಾರರಿಗೆ ಸಿಕ್ಕ ಸಲಹೆಗಳಲ್ಲಿ ಕಾವಲಿನ ಬಿಗಿಯನ್ನು ಒಂದು ಮೆಟ್ಟಿಲು ಇಳಿಸಿರಿ ಎಂಬುದೂ ಒಂದು! ಇನ್ನು ಸೈಗೇಟ್ ಕಂಪನಿಯನ್ನು 2005ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡಿತು. ನೆಚ್ಚಿಕೊಂಡಿದ್ದ ಆ ಫೈರ್‌ವಾಲ್ ನಿಂತುಹೋಯಿತು. ಸಂಬಳವಿಲ್ಲದ ಕಾವಲುಗಾರ ನಾಳೆ ಬಾರದಿದ್ದರೆ ಯಾರನ್ನು ಕೇಳುವುದು? ಕೆಲವು ಪುಕ್ಕಟೆ ತಂತ್ರಾಂಶಗಳು ಬರುವಾಗ ತಮ್ಮೊಡನೆ ಕರೆಯದ ಅತಿಥಿಗಳನ್ನೂ ತರುತ್ತವೆ. ಬೇಡವೆಂದು ಗುರುತು ತೆಗೆಯದಿದ್ದರೆ ಅವೂ ಮನೆ ಸೇರುತ್ತವೆ. ಒಂದರ ಮೇಲೆ ಇನ್ನೊಂದು ಫೈರ್‌ವಾಲ್ ಹಾಕಿದರಂತೂ ಇಬ್ಬರು ತಳವಾರರು ಒಂದೇ ಅಗಸಿಯಲ್ಲಿ ಜಗಳಾಡಿದಂತೆ; ಒಬ್ಬ ಬಿಟ್ಟವರನ್ನು ಇನ್ನೊಬ್ಬ ತಡೆಯುತ್ತಾನೆ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. 1956ರ ವರೆಗೆ ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಮನೆಯ ಮಾತು ಸರಿಯಲಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾರೆ. ಕಾವಲುಗಾರನ ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಆಗ ಪಾಲಕರು, "ನಮಗೆ ತಿಳಿಯುವುದಿಲ್ಲ, ನೀನೇ ನೋಡಪ್ಪಾ" ಎಂದು ಎಂಟನೆಯ ಇಯತ್ತೆಯ ಹುಡುಗನ ಕೈಗೆ ಮನೆಯ ಕೀಲಿಕೈ ಕೊಟ್ಟುಬಿಡುತ್ತಾರೆ. ಆ ಹುಡುಗನಿಗೆ ಬೇಕಾದುದು ಆಟ. ಆಟಕ್ಕೆ ಅಡ್ಡ ಬಂದ ಪ್ರಶ್ನೆಗೆ ಅವನು 'ಬಿಡು' ಎನ್ನದೆ ಇನ್ನೇನು ಹೇಳಿಯಾನು? ಅದೇ ಕಂಪ್ಯೂಟರಿನಲ್ಲಿ ತಂದೆಯ ಬ್ಯಾಂಕಿನ ಖಾತೆ ತೆರೆಯುತ್ತದೆ, ಹೊಲದ ಸಾತಬಾರಾ ಉತಾರ ಇಳಿಯುತ್ತದೆ, ಅಕ್ಕನ ವಿದ್ಯಾರ್ಥಿವೇತನದ ಅರ್ಜಿ ಹೋಗುತ್ತದೆ. ಹಿರಿಯರ ಹೊಣೆಯನ್ನು ಮಗುವಿನ ಹೆಗಲ ಮೇಲಿಟ್ಟು, ಹಾನಿಯಾದಾಗ ಮಗುವನ್ನೇ ಬೈಯುವುದು ನ್ಯಾಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಫೈರ್‌ವಾಲೇ ಬೇಡವೇ? ಖಂಡಿತ ಬೇಕು. ಆದರೆ ಸಾಮಾನ್ಯ ಮನೆಗೆ ವಿಂಡೋಸಿನೊಡನೆ ಬಂದಿರುವ ಫೈರ್‌ವಾಲ್ ಸಾಕು. ಕರೆಯದೆ ಒಳಗೆ ಬರುವವರನ್ನು ಅದು ಸುಮ್ಮನೆ ತಡೆಯುತ್ತದೆ. ಹೊರಗೆ ಹೋಗುವ ಪ್ರತಿಯೊಬ್ಬರಿಗಾಗಿ ಕೂಗುವುದಿಲ್ಲ. ಯಾರೋ ಹೇಳಿದರೆಂದು ಅದನ್ನು ಆರಿಸಬಾರದು. ಅದರ ಜೊತೆಗೆ ಇನ್ನೊಂದನ್ನು ತಂದು ನಿಲ್ಲಿಸಲೂಬಾರದು. ಕಾಲಕಾಲಕ್ಕೆ ಬರುವ ತಿದ್ದುಪಡಿಗಳನ್ನು ತಪ್ಪದೆ ಹಾಕಿಕೊಳ್ಳಬೇಕು. ವಿಂಡೋಸಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳುವ ಅನುಕೂಲವೂ ಇದೆ. ತಿಳಿಯದ ಪ್ರಶ್ನೆ ಬಂದಾಗ 'ಬೇಡ' ಎನ್ನುವುದೇ ಲೇಸು. ಬೇಡವೆಂದುದರಿಂದ ಕೆಲಸ ನಿಂತರೆ, ತಿಳಿದವರನ್ನು ಕೇಳಿ ನಾಳೆ ಬಿಡಬಹುದು. ಬಿಟ್ಟುದರಿಂದ ಹೋದದ್ದು ಮರಳಿ ಬರುವುದು ಕಷ್ಟ.

ಇನ್ನೊಂದು ಮಾತನ್ನೂ ನೆನಪಿಡಬೇಕು. ಒಳಗಿನವರೇ ಅಗಳಿ ತೆಗೆದರೆ ಯಾವ ಕಾವಲೂ ಉಳಿಸಲಾರದು. ಬ್ಯಾಂಕಿನವರೆಂದು ಫೋನು ಮಾಡಿ ಓಟಿಪಿ ಕೇಳುವವನನ್ನು ಫೈರ್‌ವಾಲ್ ತಡೆಯುವುದಿಲ್ಲ. ಅಲ್ಲಿ ನಮ್ಮ ನಾಲಿಗೆಯೇ ಬಾಗಿಲು. ಮೋಸ ಆಗಿಯೇ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930 ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕು.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ. ವಾರಕ್ಕೊಂದು ಸಲ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಪರದೆಯ ಮೇಲೆ ಬಂದ ಪ್ರಶ್ನೆಯನ್ನು ಅವನಿಂದ ಕನ್ನಡದಲ್ಲಿ ಹೇಳಿಸಿರಿ. ನಿಮಗೆ ಕಂಪ್ಯೂಟರ್ ಬಾರದಿರಬಹುದು; ಗುರುತಿಲ್ಲದವನನ್ನು ಮನೆಯೊಳಗೆ ಬಿಡಬೇಕೇ ಎಂಬ ವಿವೇಕ ನಿಮಗೆ ಮಗುವಿಗಿಂತ ಹೆಚ್ಚಿದೆ. ಶಾಲೆಯಲ್ಲಿಯೂ ಇಂಗ್ಲಿಷ್ ಪಾಠದ ಜೊತೆಗೆ ಇಂತಹ ನಾಲ್ಕು ಸಾಲುಗಳನ್ನು ಓದಿ ಅರ್ಥ ಹೇಳುವ ಅಭ್ಯಾಸ ನಡೆಯಬೇಕು. ವಿದ್ಯಾರ್ಥಿಗಳೇ, ಓದದೆ ಒತ್ತಬೇಡಿರಿ. ತಿಳಿಯದಿದ್ದರೆ ಕೇಳಲು ಸಂಕೋಚಪಡಬೇಡಿರಿ. ಕಾವಲುಗಾರನು ಪುಕ್ಕಟೆ ಸಿಗಬಹುದು, ಎಚ್ಚರವನ್ನು ಮಾತ್ರ ನಾವೇ ಕಲಿಯಬೇಕು.