ಕರುಳಿನ ಕ್ಯಾನ್ಸರ್: ಹುಬ್ಬಳ್ಳಿಗೆ ಹೋಗುವ ಮೊದಲು ಕಾನಸೂರಿನಲ್ಲಿ ಆಗಬೇಕಾದದ್ದು

ಮಲದಲ್ಲಿ ರಕ್ತ ಕಂಡರೆ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿರಬೇಕು’ ಎಂಬುದು. ನಾಲ್ಕು ದಿನ ಕಳೆದರೂ ನಿಲ್ಲದಿದ್ದರೆ ಅದು ಮೂಲವ್ಯಾಧಿ ಎಂದು ತೀರ್ಮಾನವಾಗುತ್ತದೆ. ಸುವರ್ಣಗಡ್ಡೆಯ ಪಲ್ಯ, ಮಜ್ಜಿಗೆ, ಮುರುಗಲು ಹಣ್ಣಿನ ಪಾನಕ, ನಾಚಿಕೆಮುಳ್ಳಿನ ಕಷಾಯ ಶುರುವಾಗುತ್ತವೆ. ಬಹುಪಾಲು ಮಂದಿಗೆ ಅದು ನಿಜಕ್ಕೂ ಮೂಲವ್ಯಾಧಿಯೇ ಆಗಿರುತ್ತದೆ, ಕಡಿಮೆಯೂ ಆಗುತ್ತದೆ. ಆತಂಕ ಇರುವುದು ಉಳಿದ ಕೆಲವರ ಬಗ್ಗೆ. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಸೋರುವ ರಕ್ತವೂ ಒಂದಷ್ಟು ದಿನ ಕಂಡು, ಆಮೇಲೆ ಕೆಲವು ವಾರ ತಾನಾಗಿಯೇ ನಿಲ್ಲುವುದುಂಟು. ನಿಂತಾಗ ಮದ್ದು ಹಿಡಿಯಿತು ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಮತ್ತೆ ಕಂಡಾಗ ಅಡಿಕೆ ಕೊನೆಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ ಎಂದು ತಿಂಗಳುಗಳು ಉರುಳುತ್ತವೆ.

ಈ ಕಾಯಿಲೆಯಲ್ಲಿ ಯಾರು ಬದುಕುತ್ತಾರೆ ಎಂಬುದನ್ನು ಬಹಳ ಮಟ್ಟಿಗೆ ನಿರ್ಧರಿಸುವುದು ಆ ತಿಂಗಳುಗಳೇ. ಯಾವ ದೊಡ್ಡ ಆಸ್ಪತ್ರೆಗೆ ಹೋದೆವು, ಎಷ್ಟು ಖರ್ಚು ಮಾಡಿದೆವು ಎಂಬ ಪ್ರಶ್ನೆಗಳು ಆಮೇಲಿನವು. ಮೊದಲ ರಕ್ತಸ್ರಾವಕ್ಕೂ ಮೊದಲ ಕೊಲೊನೋಸ್ಕೋಪಿಗೂ (ಗುದದ್ವಾರದಿಂದ ಕೊಳವೆ ಹಾಯಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ನಡುವಿನ ಅವಧಿಯನ್ನು ಕಡಿಮೆ ಮಾಡುವ ಕೆಲಸ ಸಿದ್ದಾಪುರ ತಾಲ್ಲೂಕಿನ ಕಾನಸೂರಿನಂಥ ಊರಿನಲ್ಲೇ, ಅಲ್ಲಿನ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಹಂತದಲ್ಲೇ ಆಗಬೇಕು.

ಕರುಳಿನ ಕ್ಯಾನ್ಸರ್ ಒಂದೇ ದಿನಕ್ಕೆ ಹುಟ್ಟುವುದಲ್ಲ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಏಳುತ್ತದೆ. ಎಲ್ಲ ಪಾಲಿಪ್‌ಗಳೂ ಕೆಡುವುದಿಲ್ಲ. ಕೆಡುವಂಥದ್ದರ ಜೀವಕೋಶಗಳಲ್ಲಿ ಒಂದರ ಹಿಂದೊಂದು ವಂಶವಾಹಿ ಬದಲಾವಣೆಗಳಾಗಿ, ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಆ ಅವಧಿಯಲ್ಲಿ ಕೊಲೊನೋಸ್ಕೋಪಿ ಮಾಡಿದರೆ, ಅದೇ ಕೊಳವೆಯ ಮೂಲಕ ಪಾಲಿಪನ್ನು ಕತ್ತರಿಸಿ ತೆಗೆಯಬಹುದು. ಅಂದರೆ ಬರಲಿದ್ದ ಕ್ಯಾನ್ಸರನ್ನೇ ತಡೆಯಬಹುದು. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಹೆಚ್ಚಿಲ್ಲ.

ಕಾಯಿಲೆ ಪತ್ತೆಯಾದ ಹಂತಕ್ಕೂ ಬದುಕಿನ ಸಾಧ್ಯತೆಗೂ ಇರುವ ನಂಟನ್ನು ಅಮೆರಿಕದ ಅಂಕಿಅಂಶಗಳು ಸ್ಪಷ್ಟವಾಗಿ ತೋರಿಸುತ್ತವೆ. ಗಡ್ಡೆ ಕರುಳಿನಲ್ಲಷ್ಟೇ ಇದ್ದಾಗ ಪತ್ತೆಯಾದರೆ ಶೇ 90ರಷ್ಟು ಮಂದಿ ಐದು ವರ್ಷ ದಾಟುತ್ತಾರೆ. ಅಕ್ಕಪಕ್ಕದ ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ ಆ ಪ್ರಮಾಣ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಯಕೃತ್ತು, ಶ್ವಾಸಕೋಶಕ್ಕೆ ಹೋದ ಮೇಲೆ ಶೇ 15ರ ಆಸುಪಾಸು. ದೇಶ ದೇಶಗಳ ಬದುಕುಳಿಯುವಿಕೆಯನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಕಾನ್‌ಕಾರ್ಡ್–3 ಅಧ್ಯಯನದಲ್ಲಿ ದಕ್ಷಿಣ ಕೊರಿಯಾ ಮತ್ತು ಆಸ್ಟ್ರೇಲಿಯಾದಲ್ಲಿ ಕರುಳಿನ ಕ್ಯಾನ್ಸರ್ ಬಂದವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಐದು ವರ್ಷ ಬದುಕಿದ್ದರು. ಭಾರತದಲ್ಲಿ ಆ ಪ್ರಮಾಣ ಶೇ 40ನ್ನೂ ಮುಟ್ಟಲಿಲ್ಲ. ನಮ್ಮಲ್ಲಿ ರೋಗಿಗಳು ಆಸ್ಪತ್ರೆ ತಲುಪುವ ಹೊತ್ತಿಗೆ ಕಾಯಿಲೆ ಮುಂದುವರಿದಿರುವುದು ಇದಕ್ಕೆ ದೊಡ್ಡ ಕಾರಣ. ಈ ಶೇಕಡಾವಾರುಗಳು ಸಾವಿರಾರು ಜನರ ಸರಾಸರಿ, ಒಬ್ಬ ರೋಗಿಯ ಆಯುಷ್ಯದ ಲೆಕ್ಕವಲ್ಲ. ‘ಇನ್ನೆಷ್ಟು ದಿನ?’ ಎಂದು ಕೇಳುವ ಕುಟುಂಬ ಅದರ ಬದಲು ‘ಯಾವ ಹಂತ, ತೆಗೆಯಲು ಬರುತ್ತದೆಯೇ?’ ಎಂದು ಕೇಳುವುದು ಹೆಚ್ಚು ಉಪಯುಕ್ತ.

‘ನಾವು ಮಾಂಸ ತಿನ್ನುವುದಿಲ್ಲ, ನಮಗೇಕೆ ಬರುತ್ತದೆ’ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕ ಎಂದೂ, ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿದ್ದು ನಿಜ. ನಾರಿನಂಶವಿರುವ ಊಟ ಅಪಾಯವನ್ನು ತಗ್ಗಿಸುತ್ತದೆ ಎಂಬುದೂ ನಿಜ. ಆದರೆ ವಯಸ್ಸು, ಬೊಜ್ಜು, ಮೈಬಗ್ಗಿಸದ ದಿನಚರಿ, ಮದ್ಯ, ಧೂಮಪಾನ, ಕುಟುಂಬದ ಹಿನ್ನೆಲೆ ಇವೂ ಕಾರಣಗಳೇ. ತೋಟಕ್ಕೆ ಇಳಿದು ಹತ್ತುವ ಕೆಲಸವನ್ನು ಬಿಟ್ಟು, ಕುಳಿತೇ ದುಡಿಯುವ ತಲೆಮಾರು ಈಗ ನಡುವಯಸ್ಸಿಗೆ ಬಂದಿದೆ. ಭಾರತದಲ್ಲಿ ಐವತ್ತು ದಾಟದವರಲ್ಲೂ ಈ ಕಾಯಿಲೆ ಗಮನಾರ್ಹವಾಗಿ ಕಾಣಿಸುತ್ತಿದೆ. ಅಮೆರಿಕದಲ್ಲಿ ತಪಾಸಣೆ ಶುರುಮಾಡುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದ್ದು ಕಿರಿಯರಲ್ಲಿ ಹೆಚ್ಚುತ್ತಿರುವುದನ್ನು ನೋಡಿಯೇ. ಸಸ್ಯಾಹಾರ ಅಪಾಯವನ್ನು ಸ್ವಲ್ಪ ಕಡಿಮೆ ಮಾಡಬಹುದು. ಬಂದ ರಕ್ತಸ್ರಾವವನ್ನು ಕಡೆಗಣಿಸಲು ಅದು ಪರವಾನಗಿಯಲ್ಲ.

ರಕ್ತ ಕಣ್ಣಿಗೆ ಕಾಣಲೇಬೇಕೆಂದೂ ಇಲ್ಲ. ದೊಡ್ಡ ಕರುಳಿನ ಬಲಭಾಗದ ಗಡ್ಡೆಯಿಂದ ರಕ್ತ ಹನಿಹನಿಯಾಗಿ ಸೋರಿ ಮಲದಲ್ಲಿ ಬೆರೆತುಹೋಗುತ್ತದೆ. ರೋಗಿಗೆ ಗೊತ್ತಾಗುವುದು ಸುಸ್ತು ಮಾತ್ರ. ಏರು ಹತ್ತುವಾಗ ಏದುಸಿರು, ಬಿಳಚಿದ ಮುಖ. ರಕ್ತ ಕಡಿಮೆ ಇದೆ ಎಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು ಕಳಿಸಿದರೆ ಹಿಮೋಗ್ಲೋಬಿನ್ ಒಂದಿಷ್ಟು ಏರುತ್ತದೆ, ಗಡ್ಡೆಯೂ ಬೆಳೆಯುತ್ತದೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಕಂಡರೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಲೇಬೇಕು. ಎಡಭಾಗದಲ್ಲಿ ಕರುಳು ಕಿರಿದು, ಮಲ ಗಟ್ಟಿ. ಅಲ್ಲಿ ಗಡ್ಡೆ ಬೆಳೆದರೆ ಮಲವಿಸರ್ಜನೆಯ ರೂಢಿ ಬದಲಾಗುತ್ತದೆ. ವಾರಗಟ್ಟಲೆ ಮಲಬದ್ಧತೆ, ನಡುವೆ ಭೇದಿ, ಹೋಗಿ ಬಂದರೂ ಪೂರ್ತಿ ಆಗಿಲ್ಲವೆಂಬ ಅನಿಸಿಕೆ. ಇವನ್ನೂ ಕಡೆಗಣಿಸಿದರೆ ಕೊನೆಗೆ ಕರುಳು ಕಟ್ಟಿ, ಹೊಟ್ಟೆ ಉಬ್ಬಿ, ರಾತ್ರೋರಾತ್ರಿ ನೂರು ಕಿಲೊಮೀಟರ್ ಆಚೆಗೆ ಓಡಬೇಕಾಗುತ್ತದೆ. ತುರ್ತು ಶಸ್ತ್ರಚಿಕಿತ್ಸೆಯ ಫಲಿತಾಂಶ ಯೋಜಿತ ಶಸ್ತ್ರಚಿಕಿತ್ಸೆಯಷ್ಟು ಚೆನ್ನಾಗಿರುವುದಿಲ್ಲ.

ಪರೀಕ್ಷೆಗೆ ಜನ ಹಿಂದೇಟು ಹಾಕುವುದು ನಾಚಿಕೆಯಿಂದ. ಕೊಲೊನೋಸ್ಕೋಪಿಯಲ್ಲಿ ಕಷ್ಟದ ಭಾಗ ಹಿಂದಿನ ದಿನದ್ದು: ಔಷಧಿ ಬೆರೆಸಿದ ನೀರನ್ನು ಕುಡಿದು ಕರುಳನ್ನು ಪೂರ್ತಿ ಖಾಲಿ ಮಾಡಿಕೊಳ್ಳಬೇಕು. ಪರೀಕ್ಷೆ ಅರ್ಧ ಗಂಟೆಯ ಆಸುಪಾಸಿನದು, ಮಂಪರು ಬರುವ ಔಷಧಿ ಕೊಟ್ಟು ಮಾಡುತ್ತಾರೆ, ಬಹುತೇಕರು ಅದೇ ದಿನ ಮನೆಗೆ ಮರಳುತ್ತಾರೆ. ಅನುಮಾನದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಇನ್ನೊಂದು ಅಡ್ಡಿ ‘ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಭಯ. ಕರುಳಿನ ಗಡ್ಡೆಗೆ ಹೀಗೆ ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಯಾಪ್ಸಿ ಇಲ್ಲದೆ ಚಿಕಿತ್ಸೆಯ ದಾರಿಯೇ ತಿಳಿಯುವುದಿಲ್ಲ.

ಆ ದಾರಿ ಹಂತವನ್ನು ಅವಲಂಬಿಸಿದೆ. ಮೊದಲ ಹಂತದಲ್ಲಿ ಗಡ್ಡೆಯಿರುವ ಕರುಳಿನ ಭಾಗವನ್ನೂ ಅದರ ದುಗ್ಧಗ್ರಂಥಿಗಳನ್ನೂ ತೆಗೆದರೆ ಸಾಕು, ಕಿಮೊಥೆರಪಿ ಬೇಕಿಲ್ಲ. ಎರಡನೇ ಹಂತದಲ್ಲೂ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ. ಅಪಾಯದ ಲಕ್ಷಣಗಳಿದ್ದರೆ ಮಾತ್ರ ಕಿಮೊ. ದುಗ್ಧಗ್ರಂಥಿಗಳಿಗೆ ಹಬ್ಬಿದ ಮೂರನೇ ಹಂತದಲ್ಲಿ ಎರಡೂ ಬೇಕು. ಹೀಗೆ ತೆಗೆದ ಭಾಗದಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕು ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಶಸ್ತ್ರಚಿಕಿತ್ಸೆಯ ನಂತರದ ಅಂಗಾಂಶ ಪರೀಕ್ಷೆಯ ವರದಿಯಲ್ಲಿ ಆ ಸಂಖ್ಯೆ ಇದೆಯೇ ಎಂದು ರೋಗಿಯ ಕಡೆಯವರು ಕೇಳಿ ತಿಳಿಯಬಹುದು. ಮೂರನೇ ಹಂತದ ಕಿಮೊ ಹಿಂದೆ ಎಲ್ಲರಿಗೂ ಆರು ತಿಂಗಳು ನಡೆಯುತ್ತಿತ್ತು. 2018ರಲ್ಲಿ ಪ್ರಕಟವಾದ ‘ಐಡಿಯಾ’ ಅಧ್ಯಯನದ ನಂತರ, ಕಡಿಮೆ ಅಪಾಯದ ರೋಗಿಗಳಿಗೆ ಇಂಜೆಕ್ಷನ್ ಮತ್ತು ಮಾತ್ರೆ ಸೇರಿದ ಮೂರು ತಿಂಗಳ ಚಿಕಿತ್ಸೆ ಬಹುತೇಕ ಸಾಕಾಗುತ್ತದೆ ಎಂದು ಗೊತ್ತಾಯಿತು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಬಸ್ಸು ಹಿಡಿಯಬೇಕಾದ ನಮ್ಮವರಿಗೆ ಇದು ದೊಡ್ಡ ಸಮಾಧಾನ. ಈ ಚಿಕಿತ್ಸೆಯ ಆಕ್ಸಾಲಿಪ್ಲಾಟಿನ್ ಇಂಜೆಕ್ಷನ್ ಪಡೆದವರಿಗೆ ತಣ್ಣೀರು ಮುಟ್ಟಿದರೂ ಬೆರಳು ಜುಮುಗುಡುತ್ತದೆ. ಮಲೆನಾಡಿನ ಮಳೆ–ಚಳಿಯಲ್ಲಿ ಬಿಸಿನೀರು, ಕೈಗವಸು ಅವರಿಗೆ ಚಿಕಿತ್ಸೆಯ ಭಾಗವೇ. ಗುದನಾಳದ ಗಡ್ಡೆಗೆ ಅನೇಕ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ ವಿಕಿರಣ ಚಿಕಿತ್ಸೆ ಕೊಡುತ್ತಾರೆ.

ಮಲ ಹೊರಹೋಗಲು ಹೊಟ್ಟೆಯ ಮೇಲೆ ಚೀಲ ಇಡಬೇಕಾಗಬಹುದು ಎಂದ ಕೂಡಲೇ ಎಷ್ಟೋ ಮಂದಿ ಶಸ್ತ್ರಚಿಕಿತ್ಸೆಯನ್ನೇ ಬೇಡವೆನ್ನುತ್ತಾರೆ. ಮಡಿ, ಪೂಜೆ, ನೆಂಟರ ಮನೆ, ಪಂಕ್ತಿಯ ಊಟ ಎಲ್ಲವೂ ಕಣ್ಣೆದುರು ಬರುತ್ತವೆ. ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ ಎಲ್ಲರಿಗೂ ಚೀಲ ಬೇಕಿಲ್ಲ. ಬೇಕಾದವರಲ್ಲಿ ಅನೇಕರಿಗೆ ಅದು ಕೆಲವು ತಿಂಗಳ ಮಟ್ಟಿಗೆ ಮಾತ್ರ. ಶಾಶ್ವತವಾಗಿ ಬೇಕಾದವರೂ ತೋಟ ನೋಡಿಕೊಂಡು, ಪ್ರಯಾಣ ಮಾಡಿಕೊಂಡು ಬದುಕುತ್ತಾರೆ. ಅವರನ್ನು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವ ಜವಾಬ್ದಾರಿ ಸಮಾಜದ್ದು.

ನಾಲ್ಕನೇ ಹಂತ ಎಂದರೆ ಬಾಗಿಲು ಮುಚ್ಚಿತೆಂದಲ್ಲ. ಯಕೃತ್ತಿಗೆ ಮಾತ್ರ ಹಬ್ಬಿ, ಅದನ್ನು ತೆಗೆಯಲು ಸಾಧ್ಯವಿದ್ದರೆ, ಕೆಲವರು ಪೂರ್ತಿ ಗುಣವಾಗುವುದೂ ಉಂಟು. ಗಡ್ಡೆಯ ವಂಶವಾಹಿ ಗುಣ ನೋಡಿ ಕೊಡುವ ನಿರ್ದೇಶಿತ ಔಷಧಿಗಳಿವೆ. ಒಂದು ಸಣ್ಣ ಗುಂಪಿನ ರೋಗಿಗಳಿಗೆ ಇಮ್ಯುನೊಥೆರಪಿ ಕಿಮೊಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು 2020ರ ಅಧ್ಯಯನ ತೋರಿಸಿತು. ಇವು ದುಬಾರಿ. ಯಾರಿಗೆ ಪ್ರಯೋಜನ ಎಂದು ಪರೀಕ್ಷೆಯಿಂದ ತಿಳಿಯದೆ ಅಡಿಕೆ ತೋಟ ಅಡವಿಟ್ಟು ಕೊಳ್ಳುವಂಥವಲ್ಲ. ಗುಣವಾಗದಿದ್ದಾಗ ನೋವು ನೀಗಿಸುವ ಉಪಶಾಮಕ ಆರೈಕೆಯೂ ರೋಗಿಯ ಹಕ್ಕೇ.

ನಾಟಿ ಔಷಧಿಯ ವಿಷಯ ಬಿಟ್ಟು ಈ ಸೀಮೆಯಲ್ಲಿ ಕ್ಯಾನ್ಸರ್ ಬಗ್ಗೆ ಮಾತಾಡುವುದು ಅಪ್ರಾಮಾಣಿಕವಾಗುತ್ತದೆ. ಆನಂದಪುರ ಸಮೀಪದ ನರಸೀಪುರಕ್ಕೆ ಕ್ಯಾನ್ಸರಿನ ನಾಟಿ ಮದ್ದಿಗಾಗಿ ದೇಶದ ಮೂಲೆಮೂಲೆಯಿಂದ ಜನ ಬಂದು ಸಾಲುಗಟ್ಟಿದ್ದನ್ನು ಕಂಡವರು ನಾವು. ಆ ನಂಬಿಕೆಯನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಎಚ್ಚರಿಸುವಂತಿದೆ. ಗುಣವಾಗಬಲ್ಲ ಹಂತದಲ್ಲಿದ್ದೂ ಶಸ್ತ್ರಚಿಕಿತ್ಸೆ, ಕಿಮೊ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಶಸ್ತ್ರಚಿಕಿತ್ಸೆಯಿಂದ ಗುಣವಾಗಬಲ್ಲ ಗಡ್ಡೆಯನ್ನು ಇಟ್ಟುಕೊಂಡು ಯಾವ ಕಷಾಯಕ್ಕೂ ಕಾಯಬಾರದು. ಯಾವುದೇ ಬೇರು, ತೊಗಟೆಯ ಮದ್ದು ತೆಗೆದುಕೊಳ್ಳುತ್ತಿದ್ದರೂ ಅದನ್ನು ವೈದ್ಯರಿಗೆ ಹೇಳಬೇಕು.

ಚಿಕಿತ್ಸೆಯ ಖರ್ಚಿಗೆ ದಾರಿಗಳಿವೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಿದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ₹1.5 ಲಕ್ಷ ಮೀರದಂತೆ. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮ್ಮವರು ಹೆಚ್ಚಾಗಿ ಹೋಗುವ ಜಾಗಗಳು. ಆದರೆ ಯೋಜನೆಯ ಹಣ ಸಿಗುವುದು ಕಾಯಿಲೆ ಗೊತ್ತಾದ ಮೇಲೆ. ಗೊತ್ತಾಗಲು ಬೇಕಾದ ಪರೀಕ್ಷೆಯ ಖರ್ಚು, ದಾರಿಖರ್ಚು, ಎರಡು ದಿನದ ಕೂಲಿ ನಷ್ಟ ರೋಗಿಯದೇ. ತಡವಾಗುವುದು ಅಲ್ಲಿಯೇ.

ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳಿವೆ, ಕರುಳಿನದು ಇಲ್ಲ. ಇಡೀ ದೇಶಕ್ಕೆ ಕೊಲೊನೋಸ್ಕೋಪಿ ತಪಾಸಣೆ ಸಾಧ್ಯವಿಲ್ಲ ಎಂಬ ವಾದ ಸರಿಯೇ. ಭಾರತದಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ಲಕ್ಷಣ ಇರುವವರನ್ನು ಹುಡುಕಲು ಮಾತ್ರ ಈ ವಾದ ಅಡ್ಡಬರಬಾರದು. ಅದನ್ನು ಮಾಡಬಲ್ಲೆವು ಎಂಬುದಕ್ಕೆ ಸಿದ್ದಾಪುರ ತಾಲ್ಲೂಕೇ ಸಾಕ್ಷಿ. ಮಂಗನ ಕಾಯಿಲೆಯ ಕಾಲದಲ್ಲಿ, ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಬೇಕು ಎಂಬುದು ಇಲ್ಲಿ ಮನೆಮನೆಗೆ ಗೊತ್ತಿದೆ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಹೋಗಿ ಕೇಳಿ, ಹೇಳಿ, ಕಲಿಸಿದ್ದು ಅದು. ಅದೇ ಶಿಸ್ತನ್ನು ಇಲ್ಲಿಗೂ ತರಬಹುದು.

ಮಾಡಬೇಕಾದದ್ದು ಹೆಚ್ಚಿಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಂಥ ಮನೆ ಭೇಟಿಯಲ್ಲಿ 40 ದಾಟಿದವರಿಗೆಲ್ಲ ಮೂರು ಪ್ರಶ್ನೆ ಕೇಳಬೇಕು: ಮಲದಲ್ಲಿ ರಕ್ತ ಹೋಗುತ್ತಿದೆಯೇ? ಮಲವಿಸರ್ಜನೆಯ ರೂಢಿ ಬದಲಾಗಿದೆಯೇ? ಒಡಹುಟ್ಟಿದವರಿಗೆ, ತಂದೆ–ತಾಯಿಗೆ ಕರುಳಿನ ಕ್ಯಾನ್ಸರ್ ಇತ್ತೇ? ಇತ್ತೆಂದಾದರೆ 40ನೇ ವಯಸ್ಸಿನಿಂದ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲಿನಿಂದ, ಯಾವುದು ಮೊದಲೋ ಆಗಿನಿಂದ ಕೊಲೊನೋಸ್ಕೋಪಿ ಆಗಬೇಕು. ಮಲದಲ್ಲಿ ಅಡಗಿದ ರಕ್ತವನ್ನು ತೋರಿಸುವ ಫಿಟ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಅದರಲ್ಲಿ ರಕ್ತ ಕಂಡವರಿಗೆ ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಿಗದಿತ ದಿನ ಉಚಿತ ಕೊಲೊನೋಸ್ಕೋಪಿ ಆಗಬೇಕು. ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಆರಂಭಿಸಿದಂಥ ಡೇ ಕೇರ್ ಕಿಮೊ ಸೌಲಭ್ಯ ಘಟ್ಟದ ಮೇಲಿನವರಿಗೆ ಶಿರಸಿಯಲ್ಲೇ ಬೇಕು. ಜಿಲ್ಲಾ ಕೇಂದ್ರವಾದ ಕಾರವಾರ ಇಲ್ಲಿಂದ ಹುಬ್ಬಳ್ಳಿಗಿಂತ ಹತ್ತಿರವೇನಲ್ಲ.

ಚಿಕಿತ್ಸೆ ಮುಗಿಸಿ ಬಂದವರ ಮೇಲೂ ಊರು ಕಣ್ಣಿಡಬೇಕು. ಮೊದಲ ಎರಡು–ಮೂರು ವರ್ಷ ಕಾಯಿಲೆ ಮರುಕಳಿಸಿದ ಸುಳಿವು ಕೊಡುವ ಸಿಇಎ ರಕ್ತಪರೀಕ್ಷೆ ನಿಯಮಿತವಾಗಿ, ವರ್ಷಕ್ಕೊಮ್ಮೆ ಸ್ಕ್ಯಾನ್, ಒಂದು ವರ್ಷದ ಹೊತ್ತಿಗೆ ಮತ್ತೆ ಕೊಲೊನೋಸ್ಕೋಪಿ ತಪ್ಪಬಾರದು. ಕಿಮೊ ಮುಗಿಸಿ ಮಾರ್ಗದರ್ಶನದಲ್ಲಿ ನಿಯಮಿತ ವ್ಯಾಯಾಮ ಮಾಡಿದ ಗುಂಪಿನಲ್ಲಿ ಎಂಟು ವರ್ಷದ ನಂತರ ನೂರರಲ್ಲಿ 90 ಮಂದಿ, ಮಾಡದ ಗುಂಪಿನಲ್ಲಿ 83 ಮಂದಿ ಬದುಕಿದ್ದರು ಎಂದು 2025ರಲ್ಲಿ ಪ್ರಕಟವಾದ ‘ಚಾಲೆಂಜ್’ ಅಧ್ಯಯನ ಹೇಳಿದೆ. ‘ಇನ್ನು ಅವರಿಗೆ ಏನೂ ಮಾಡಿಸಬೇಡಿ, ಮಲಗಿರಲಿ’ ಎನ್ನುವ ನಮ್ಮ ಪ್ರೀತಿಯ ರೀತಿ ಬದಲಾಗಬೇಕು.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ, ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು. ಆ ಬೇಡಿಕೆ ನ್ಯಾಯವಾದದ್ದು, ಬಿಡಬಾರದು. ಆದರೆ ಕರುಳಿನ ಕ್ಯಾನ್ಸರ್ ವಿಷಯದಲ್ಲಿ ಆ ಕಟ್ಟಡ ಏಳುವವರೆಗೆ ಕಾಯಬೇಕಿಲ್ಲ. ಮೂರು ಪ್ರಶ್ನೆ, ಒಂದು ಮಲಪರೀಕ್ಷೆ, ಶಿರಸಿಯಲ್ಲೊಂದು ಕೊಲೊನೋಸ್ಕೋಪಿ ಕೊಠಡಿ: ಇವನ್ನು ಬರುವ ಬಜೆಟ್ಟಿನಲ್ಲೇ ಕೇಳಿ ಪಡೆಯಲು ಮೂರೂ ತಾಲ್ಲೂಕುಗಳ ಜನಪ್ರತಿನಿಧಿಗಳಿಗೆ, ಸಹಕಾರಿ ಸಂಘಗಳಿಗೆ ಶಕ್ತಿಯಿದೆ. ಮನೆಯವರ ಪಾಲಿನ ಕೆಲಸಕ್ಕಂತೂ ಬಜೆಟ್ಟೂ ಬೇಡ. ರಕ್ತ ಕಂಡು ಎರಡು ವಾರ ಕಳೆದರೂ ನಿಲ್ಲದಿದ್ದರೆ, ಅಥವಾ ನಿಂತು ಮತ್ತೆ ಬಂದರೆ, ಮೂಲವ್ಯಾಧಿ ಎಂದು ಹೇಳಬೇಕಾದವರು ವೈದ್ಯರೇ, ಅದೂ ಪರೀಕ್ಷೆ ಮಾಡಿದ ಮೇಲೆ.